ಕಿರವತ್ತಿ ಗೇಟು ದಾಟಿದ ಆಂಬುಲೆನ್ಸ್

2009ರ ಫೆಬ್ರವರಿ 17, ಮಂಗಳವಾರ. ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಬಸಪ್ಪ ಯಾರದೋ ಬೈಕಿನ ಹಿಂದೆ ಕೂತು ಯಲ್ಲಾಪುರ ಠಾಣೆಗೆ ಬಂದ. ಅವನು ಓಡಿಸುತ್ತಿದ್ದ ಸರ್ಕಾರಿ ಆಂಬುಲೆನ್ಸ್ ಕಳುವಾಗಿತ್ತು.

ನಂದೊಳ್ಳಿ ಕಡೆಯಿಂದ ಹಾವು ಕಚ್ಚಿದೆ ಎಂದು ಕರೆ ಬಂದಿತ್ತು. ಮನೆಯವರೆಗೆ ರಸ್ತೆಯಿಲ್ಲ. ಬಸಪ್ಪನೂ ನರ್ಸೂ ಸ್ಟ್ರೆಚರ್ ಹೊತ್ತು ಹಳ್ಳದ ಮೇಲಿನ ಕಾಲುಸಂಕ ದಾಟಿ ಹೋದರೆ, ಅಲ್ಲಿ ಯಾರಿಗೂ ಹಾವು ಕಚ್ಚಿರಲಿಲ್ಲ. ತಿರುಗಿ ಬರುವಷ್ಟರಲ್ಲಿ ಗಾಡಿಯೇ ಇಲ್ಲ.

"ಕೀ ಎಲ್ಲಿತ್ತು?" ಇನ್ಸ್‌ಪೆಕ್ಟರ್ ಮಡಿವಾಳಪ್ಪ ಕೇಳಿದರು.

"ಗಾಡ್ಯಾಗ ಇತ್ತರಿ."

"ಆ ಮನಿಗೆ ಮೊದಲು ಹೋಗಿದ್ದಿಯೇನು?"

ಬಸಪ್ಪ ನೆಲ ನೋಡಿದ. "ಇಲ್ರಿ."

ಎಫ್‌ಐಆರ್ ದಾಖಲಿಸಿ, ಮಡಿವಾಳಪ್ಪ ಅವನನ್ನೂ ಜೀಪು ಹತ್ತಿಸಿದರು. ಕದ್ದ ಸಾಗವಾನಿ ಮರ ಸಾಗಿಸುವವರಿಗೆ ಸೈರನ್ ಇರುವ ಗಾಡಿ ಸಿಕ್ಕರೆ ಸಾಕು, ಯಾವ ಅರಣ್ಯ ತಪಾಸಣೆ ಗೇಟಿನಲ್ಲೂ ತಡೆಯುವುದಿಲ್ಲ. ಚಾಲಕನೇ ಬೇಕೆಂದು ಕೀ ಬಿಟ್ಟಿರಬಹುದು ಎಂಬ ಅನುಮಾನ ಅವರದು.

ಸ್ಥಳ ಪಂಚನಾಮೆ ನಡೆಸುವಾಗ ರಸ್ತೆಯಂಚಿನ ಪೊದೆಯ ಹಿಂದೆ ಒಡೆದ ಬಳೆ ಚೂರುಗಳು ಸಿಕ್ಕವು. ಯಾರನ್ನೋ ಎಳೆದೊಯ್ದ ಗುರುತಿತ್ತು. ಮರಗಳ್ಳರ ಮೇಲಿನ ಅನುಮಾನ ಅಲ್ಲಿಗೆ ಸಡಿಲವಾಯಿತು.

ಕರೆ ಬಂದಿದ್ದ ಮನೆಯಲ್ಲಿ ಸುಬ್ಬಲಕ್ಷ್ಮಿ ಎಂಬ ಮುದುಕಿ ಒಬ್ಬಳೇ ಇದ್ದಳು. ಒಳಕೋಣೆಯ ಚಿಲಕ ಹೊರಗಡೆ ಇತ್ತು. ಕಿಟಕಿಯ ಸರಳಿಗೆ ಹಗ್ಗ ಬಿಗಿದಿತ್ತು.

"ಈ ಕೋಣ್ಯಾಗ ಯಾರಿದ್ರು?"

"ಯಾರೂ ಇಲ್ಲೆ."

"ಮತ್ತ ಹಗ್ಗ ಯಾಕ?"

ಮುದುಕಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಅಷ್ಟರಲ್ಲಿ ಕಿರವತ್ತಿ ಗೇಟಿನಿಂದ ವೈರ್‌ಲೆಸ್ ಬಂತು. ಸೈರನ್ ಹಾಕಿದ ಆಂಬುಲೆನ್ಸ್ ಹುಬ್ಬಳ್ಳಿ ಕಡೆ ಹೋಗಿದೆ. ಒಳಗೊಬ್ಬಳು ಹೆಂಗಸು ಕಿರುಚುತ್ತಿದ್ದಳು; ರೋಗಿಯೆಂದು ಕಾವಲುಗಾರ ಗೇಟು ತೆಗೆದಿದ್ದ. ಅಪಹರಣವೇ ಸರಿ ಎಂದುಕೊಂಡ ಮಡಿವಾಳಪ್ಪ ಮುಂದಿನ ಠಾಣೆಗಳಿಗೆಲ್ಲ ಸುದ್ದಿ ಕಳಿಸಿದರು.

ಮಧ್ಯಾಹ್ನ ಗಾಡಿ ಪತ್ತೆಯಾಯಿತು. ಅದು ಧಾರವಾಡದ ಮಾನಸಿಕ ಆಸ್ಪತ್ರೆಯ ಆವರಣದಲ್ಲಿ, ಬೇವಿನ ಮರದ ನೆರಳಿಗೆ ನಿಂತಿತ್ತು.

ಪಕ್ಕದ ಕಟ್ಟೆಯ ಮೇಲೆ ಕೂತಿದ್ದವನು ಬಸಪ್ಪನೊಂದಿಗೆ ಬಂದ ಪೊಲೀಸರನ್ನು ಕಂಡು ಎದ್ದು ನಿಂತ. ಅಂಗಿಯ ತೋಳು ಹರಿದಿತ್ತು. ಹೆಸರು ಶಾಂತಾರಾಮ, ಸುಬ್ಬಲಕ್ಷ್ಮಿಯ ಮಗ, ಯಲ್ಲಾಪುರದಲ್ಲಿ ಗೂಡ್ಸ್ ಟೆಂಪೋ ಓಡಿಸುವವನು.

"ಹೆಂಗಸು ಯಾರು?"

"ತಂಗಿ, ವಿನೋದಾ. ಕೂಸು ಹೋದ ಮೇಲೆ ಹೀಂಗೆ ಆಯ್ತು. ನಿನ್ನೆ ಬಾವಿಗೆ ಹಾರೂಕೆ ಹೋಗಿದ್ಲು."

"ಕಟ್ಟಿ ಹಾಕಿದ್ದು ಯಾರು?"

"ಆನೇ... ನಾನೇ, ಸರ್."

"ನಿನ್ನ ಟೆಂಪೋ ಇತ್ತಲ್ಲ?"

"ಅದರಿಂದ ಒಂದ್ಸಲ ಹಾರಿದ್ಲು. ಬಸ್ಸಿನವ್ರು ಹತ್ತಿಸ್ಕೊಳ್ಳಲಿಲ್ಲ."

"ಆಂಬುಲೆನ್ಸಿಗೆ ನಿಜ ಹೇಳಿ ಕರೀಬೇಕಿತ್ತು."

"ಹೋದ ವಾರ ನಿಜಾನೇ ಹೇಳಿ ಕರೆದಿದ್ದೆ." ಶಾಂತಾರಾಮ ಬಸಪ್ಪನತ್ತ ನೋಡಿದ. "ಇವ್ರೇ ಬಂದಿದ್ರು. ಹಾವು ಅಂದ್ರೆ ಓಡಿ ಬರ್ತ್ರು ಸರ್. ತಲೆ ಕೆಟ್ಟಿದೆ ಅಂದ್ರೆ ಬಾಗಿಲಿಂದಾನೇ ತಿರುಗ್ತ್ರು. ಅದಕ್ಕೇ ಇವತ್ತು ಹಾವು ಅಂತ ಕರೆದು, ತಂಗೀನ ಹಿಡ್ಕೊಂಡು ಪೊದೆ ಹಿಂದೆ ಕೂತೆ."

ಮಡಿವಾಳಪ್ಪ ಚಾಲಕನ ಕಡೆ ತಿರುಗಿದರು.

"ಹೌದ್ರಿ," ಎಂದ ಬಸಪ್ಪ. "ಆಕಿ ನನ್ನ ಕೈ ಕಚ್ಚಿದ್ಳು. ಇಂಥಾ ಕೇಸು ನಮ್ಮದಲ್ಲ ಅಂತ ಬಿಟ್ಟು ಬಂದೆ. ನೌಕರಿ ಹೋದೀತಂತ ಹೇಳಲಿಲ್ರಿ."

ಒಳಗಿಂದ ವೈದ್ಯೆ ಬಂದು, ವಿನೋದಾಳನ್ನು ದಾಖಲು ಮಾಡಿಕೊಂಡಿದ್ದೇವೆ, ಈಗ ನಿದ್ದೆಯಲ್ಲಿದ್ದಾಳೆ ಎಂದರು. ಮಡಿವಾಳಪ್ಪ ಗಾಡಿ ಜಪ್ತಿ ಮಾಡಿ, ಕಳವಿನ ಆರೋಪದ ಮೇಲೆ ಶಾಂತಾರಾಮನನ್ನು ಬಂಧಿಸಿದರು. ಅವನು ವಾದಿಸಲಿಲ್ಲ. ಜೀಪಿನ ಬಳಿ ಬಂದಾಗ ಮಾತ್ರ ನಿಂತ.

"ಸರ್, ಬೆಳಿಗ್ಗೆ ಈ ಗಾಡಿ ಬೇರೆ ಯಾರಿಗಾದ್ರೂ ಬೇಕಾಗಿತ್ತಾ?"

ಮಡಿವಾಳಪ್ಪ ಜೀಪಿನ ಬಾಗಿಲು ತೆಗೆದರು. "ಒಬ್ಬಾಕಿಗೆ ಹೆರಿಗಿ ನೋವು ಬಂದಿತ್ತು. ಯಾರದೋ ಜೀಪಿನ್ಯಾಗ ಆಸ್ಪತ್ರೆಗೆ ತಂದಾರ."

"ಕೂಸು?"

"ಐತಿ. ತಾಯಿನೂ ಅದಾಳ."

ದಾರಿಯುದ್ದಕ್ಕೂ ತಂಗಿಯ ಕಿರುಚಾಟ ಕೇಳುತ್ತಲೇ ಗಾಡಿ ಓಡಿಸಿದ್ದವನು, ಜೀಪಿನ ಬಾಗಿಲು ಹಿಡಿದುಕೊಂಡು ಅಲ್ಲೇ ಅತ್ತುಬಿಟ್ಟ. ಅವನ ಅಳು ನಿಲ್ಲುವವರೆಗೂ ಮಡಿವಾಳಪ್ಪ ಅವನಿಗೆ ಜೀಪು ಹತ್ತು ಎನ್ನಲಿಲ್ಲ.