ಟ್ಯಾಂಕಿನೊಳಗೆ ಬರೆದ ಎರಡು ಪದ

ಈ ಕಥೆ ಹೇಳಲು ನನಗೆ ಅಳುಕಿದೆ. ಪ್ರೀತಿಯ ಬಗ್ಗೆ ಬರೆಯುವವರು ಅದರಲ್ಲಿ ಪಳಗಿರಬೇಕು, ವಿಮಾನದ ಬಗ್ಗೆ ಬರೆಯುವವರು ಒಮ್ಮೆಯಾದರೂ ಅದನ್ನು ಮುಟ್ಟಿ ನೋಡಿರಬೇಕು. ಎರಡರಲ್ಲೂ ನನ್ನದು ಅರೆಬರೆ. ಎಲ್ಲಾದರೂ ತಪ್ಪಿದ್ದರೆ ಮನ್ನಿಸಿ. ಕೇಳಿದ್ದಕ್ಕೆ ಉಪ್ಪುಖಾರ ಹಚ್ಚದೆ ಹೇಳುತ್ತೇನೆ.

ಅವಳದು ಅಪ್ಪನಿಂದ ಬಂದ ರೇಡಿಯೇಟರ್ ರಿಪೇರಿ ಅಂಗಡಿ. ಯಾರ ಮನೆಯಲ್ಲಿ ಏನು ಸೋರಿದರೂ ಜನ ಅವಳ ಹತ್ತಿರವೇ ಬರುತ್ತಿದ್ದರು. ಎಂಟು ತಿಂಗಳಿಂದ ಮುಖ ತೋರಿಸದಿದ್ದ ಹಲ್ಲಿನ ಡಾಕ್ಟರು ಬಾಗಿಲಲ್ಲಿ ಬಂದು ನಿಂತಾಗ ಅವಳ ಕೈ ಮೊಣಕೈವರೆಗೆ ನೀರಿನ ತೊಟ್ಟಿಯಲ್ಲಿತ್ತು.

"ರೇಡಿಯೇಟರ್ ರಾಣಿಯವರು ಚೆನ್ನಾಗಿದಾರಾ?"

"ದಾರಿ ತಪ್ಪಿ ಬಂದ್ರಾ ಡಾಕ್ಟ್ರೇ?"

"ಕೋಪಾನಾ?"

"ನನ್ನ ಕೋಪ ಕಟ್ಕೊಂಡು ಯಾರಿಗೇನಾಗ್ಬೇಕು? ಏನು ಸೋರ್ತಿದೆ ಹೇಳಿ."

ಅವನು ನಕ್ಕ. ನಗುವಾಗ ಅವನ ಎಡಗೆನ್ನೆ ಮೊದಲು ನಗುತ್ತಿತ್ತು, ಬಲಗೆನ್ನೆ ಸ್ವಲ್ಪ ಯೋಚಿಸಿ ಆಮೇಲೆ ಸೇರಿಕೊಳ್ಳುತ್ತಿತ್ತು. ಎಂಟು ತಿಂಗಳಿಂದ ಅವಳು ಮರೆಯಲು ಹೆಣಗಿದ್ದು ತಡವಾಗಿ ಬರುವ ಆ ಬಲಗೆನ್ನೆಯನ್ನು.

ಕ್ಲಿನಿಕ್ಕಿನ ಹಿಂದಿನ ಶೆಡ್ಡಿನಲ್ಲಿ ಅವನು ತನ್ನ ಕೈಯಾರೆ ಒಂದು ಪುಟ್ಟ ವಿಮಾನ ಕಟ್ಟುತ್ತಿದ್ದ. ಅದಕ್ಕೆ ಎರಡೇ ಸೀಟು. ರೆಕ್ಕೆಯೊಳಗಿನ ಪೆಟ್ರೋಲ್ ಟ್ಯಾಂಕಿಗೆ ಸೋರದಂತೆ ಅಂಟು ಮೆತ್ತುವ ಕೆಲಸಕ್ಕೆ ಎರಡು ವರ್ಷದ ಹಿಂದೆ ಅವಳನ್ನು ಕರೆದಿದ್ದ. ಆಮೇಲೆ ಪ್ರತಿ ಭಾನುವಾರವೂ ಕರೆದ. "ಎರಡನೇ ಸೀಟು ಯಾರದ್ದು ಹೇಳು ನೋಡೋಣ?" ಎಂದು ಕೇಳಿ, ಅವಳು ತಲೆ ತಗ್ಗಿಸಿದರೆ, ಕೆನ್ನೆಯ ಮೇಲಿನ ಮಸಿಯನ್ನು ಹತ್ತಿಯಿಂದ ಒರೆಸುತ್ತಿದ್ದ. ಎಂಟು ತಿಂಗಳ ಹಿಂದೆ ಬೇರೆ ಹುಡುಗಿಯ ಜೊತೆ ಅವನಿಗೆ ಮದುವೆ ಗೊತ್ತಾಯಿತು. ಭಾನುವಾರಗಳು ನಿಂತವು.

"ಮೊದಲ ಸಲ ಪೆಟ್ರೋಲ್ ತುಂಬಿದೆ," ಅವನೆಂದ. "ರೆಕ್ಕೆ ಕೆಳಗೆ ಪೆಟ್ರೋಲಿನ ನೀಲಿ ಕಲೆ ಇಳೀತಿದೆ. ಬರೋ ಭಾನುವಾರ ಅವಳನ್ನ ಹತ್ತಿಸ್ಕೊಂಡು ಹಾರ್ತೀನಿ ಅಂದಿದೀನಿ. ನೀನಲ್ದೆ ಇನ್ಯಾರು ಹಿಡೀತಾರೆ ಇದನ್ನ?"

"ಟ್ಯಾಂಕ್ ಬಸಿದು ಎರಡು ದಿನ ಗಾಳಿಯಾಡೋಕೆ ಬಿಡಿ. ಬರ್ತೀನಿ," ಅಂದಳು. ಬರುವುದಿಲ್ಲ ಎನ್ನಬೇಕೆಂದೇ ಬಾಯಿ ತೆರೆದಿದ್ದಳು.

ಎರಡು ದಿನ ಬಿಟ್ಟು ಹೋದಾಗ ಶೆಡ್ಡಿನಲ್ಲಿ ಆ ಹುಡುಗಿಯೂ ಇದ್ದಳು. ದ್ವೇಷಿಸೋಣವೆಂದರೆ ಅದಕ್ಕೂ ಎಡೆ ಕೊಡದಷ್ಟು ಒಳ್ಳೆಯವಳು. "ಅಕ್ಕ, ನಿಮ್ಮ ವಿಷಯ ತುಂಬಾ ಹೇಳಿದಾರೆ," ಎಂದು ಸ್ಟೂಲು ತಂದಿಟ್ಟಳು. ಎರಡನೇ ಸೀಟಿನ ಮೇಲೆ ಹೊಸ ದಿಂಬಿತ್ತು.

ಅವಳು ಟ್ಯಾಂಕಿನ ಬಾಯಿಗಳನ್ನೆಲ್ಲ ಮುಚ್ಚಿ, ಗಾಳಿ ಹೋಗುವ ಸಣ್ಣ ಕೊಳವೆಗೆ ಒಂದು ಕೆಂಪು ಬಲೂನು ಕಟ್ಟಿದಳು. ಸೈಕಲ್ ಪಂಪಿನಿಂದ ಮೆಲ್ಲಗೆ ಗಾಳಿ ಹೊಡೆದಳು. ಗಾಳಿ ಹೆಚ್ಚಾದರೆ ಟ್ಯಾಂಕ್ ಬಿರಿಯುತ್ತದೆ, ಬಲೂನು ಅದಕ್ಕೆ ಕಾವಲು. ಬಲೂನು ಕುಗ್ಗಿದರೆ ಸೋರಿಕೆ ಇದೆ ಎಂದರ್ಥ.

"ನಿನ್ನ ಮುಖದ ಹಾಗೇ ಊದಿದೆ ನೋಡು," ಡಾಕ್ಟರು ಕಿಚಾಯಿಸಿದ.

"ನೀವು ಚುಚ್ಚದೆ ಇದ್ರೆ ಸಾಕು."

ಹುಡುಗಿ ಕಿಲಕಿಲ ನಕ್ಕಳು. ಬಲೂನು ನಿಧಾನವಾಗಿ ಸುಕ್ಕುಗಟ್ಟಿತು.

ಬ್ರಷ್ಷಿನಿಂದ ಸೋಪುನೀರು ಹಚ್ಚುತ್ತ ಹೋದಳು. ರೆಕ್ಕೆಯ ತುದಿಯಲ್ಲಿ ತಗಡು ಬೆಸೆದಿದ್ದ ರಿವೆಟ್ ಮೊಳೆಯೊಂದರ ಸುತ್ತ ಸಾಸಿವೆ ಕಾಳಿನಷ್ಟು ಗುಳ್ಳೆಗಳು ಎದ್ದವು. ಆದರೆ ಹೊರಗೆ ಗುಳ್ಳೆ ಕಂಡಲ್ಲೇ ಒಳಗೆ ತೂತಿರುವುದಿಲ್ಲ. ಎರಡು ತಗಡುಗಳ ಸಂದಿಯಲ್ಲಿ ಗಾಳಿ ಮೊಳದುದ್ದ ಹರಿದುಬರಬಹುದು. ಒಳಗೆ ಎಲ್ಲೆಂದು ಹೊರಗಿನಿಂದ ಯಾರೂ ಹೇಳಲಾರರು.

ಅವಳೊಬ್ಬಳಿಗೆ ಗೊತ್ತಿತ್ತು.

ಟ್ಯಾಂಕ್ ಮುಚ್ಚುವ ದಿನ, ಹಲ್ಲುನೋವಿನವರು ಯಾರೋ ಬಂದರೆಂದು ಅವನು ಕ್ಲಿನಿಕ್ಕಿಗೆ ಹೋಗಿದ್ದ. ಅಂಟು ಇನ್ನೂ ಹಸಿಯಾಗಿತ್ತು. ಟ್ಯಾಂಕಿನೊಳಗೆ ನಾಲ್ಕನೇ ಅಡ್ಡಪಟ್ಟಿಯ ಹತ್ತಿರ, ಕಿರುಬೆರಳಿನ ಉಗುರಿನಿಂದ ಅವಳು ಬರೆದಿದ್ದಳು: ನಾನೂ ಬರ್ತೀನಿ. ಯಾರೂ ಎಂದೂ ನೋಡದ ಜಾಗ. ಅವನು ಹಾರಿದಲ್ಲೆಲ್ಲ ಅದೂ ಹಾರಲಿ ಎಂದುಕೊಂಡಿದ್ದಳು. ಉಗುರು ಎಲ್ಲೋ ತಗಡಿನವರೆಗೆ ಇಳಿದಿರಬೇಕು. ಸೋರುವುದನ್ನು ನಿಲ್ಲಿಸುವವಳ ಕೈಯೇ ಸೋರಿಕೆ ಇಟ್ಟಿತ್ತು.

"ಇನ್ನು ಟ್ಯಾಂಕಿನ ಹಿಂದಿನ ಗೋಡೇಲಿ ಕೈ ಹೋಗುವಷ್ಟು ತೂತು ಕೊಯ್ದು ನೋಡ್ಬೇಕು," ಎಂದಳು. "ಹೊತ್ತಾಗತ್ತೆ. ನೀವಿಬ್ರೂ ಹೋಗಿ, ನಾನೊಬ್ಳೇ ನೋಡ್ಕೋತೀನಿ."

"ಕೊಯ್ಯೋದು ನನ್ನ ಕಸುಬಲ್ವಾ?" ಎನ್ನುತ್ತ ಅವನು ಜೇಬಿನಿಂದ ಪೆನ್ಸಿಲ್ ತೆಗೆದು, ಗೋಡೆಯ ಮೇಲೆ ಒಂದು ವೃತ್ತ ಬರೆದ. ಗುಳ್ಳೆ ಎದ್ದಿದ್ದು ತುದಿಯಲ್ಲಿ. ವೃತ್ತ ಬಿದ್ದದ್ದು ಸರಿಯಾಗಿ ನಾಲ್ಕನೇ ಅಡ್ಡಪಟ್ಟಿಗೆ.

ಅವಳು ಆ ವೃತ್ತವನ್ನೇ ನೋಡುತ್ತ ನಿಂತಳು.

ಕೊಯ್ದ ಮೇಲೆ ಅವನು ಬಾಯಿಯೊಳಗೆ ನೋಡುವ ಪುಟ್ಟ ಕನ್ನಡಿಯನ್ನು ಒಳಗಿಟ್ಟ. ಹುಡುಗಿ ಟಾರ್ಚು ಹಿಡಿದಳು. ಇಡೀ ದಿನ ಕನ್ನಡಿಯಲ್ಲಿ ತಿರುಗುಮುರುಗಾದುದನ್ನು ನೋಡಿಯೇ ಕೆಲಸ ಮಾಡುವ ಕಣ್ಣು ಅದು. ತುಸು ಹೊತ್ತು ಅಲ್ಲೇ ನಿಂತಿತು.

"ಏನಿದೆ? ನಾನೂ ನೋಡ್ಲಾ?" ಹುಡುಗಿ ಕೇಳಿದಳು.

"ಏನಿಲ್ಲ ಕಣೆ, ಯಾರದೋ ಕೈತಪ್ಪು." ಅವಳತ್ತ ತಿರುಗಿದ. "ಪೂರ್ತಿ ಕೆರೆದುಬಿಡು. ಹುಳುಕು ಹಲ್ಲಿನ ಥರ, ಒಂಚೂರು ಉಳಿದ್ರೂ ಮತ್ತೆ ಶುರುವಾಗತ್ತೆ."

ಅವಳು ಮರದ ಚೂಪುಕಡ್ಡಿ ಹಿಡಿದು ಕೈ ಒಳಗಿಟ್ಟಳು. ಕೈ ಹೋದರೆ ಕಣ್ಣಿಗೆ ಜಾಗವಿಲ್ಲ. ಬೆರಳ ತುದಿಯಿಂದಲೇ ಒಂದೊಂದಕ್ಷರ ತಡವಿ ಓದುತ್ತ, ಓದಿದ್ದನ್ನು ಕೆರೆಯುತ್ತ ಹೋದಳು. ಮೊದಲ ಪದ ಪುಡಿಪುಡಿಯಾಯಿತು. ಎರಡನೆಯದು ರಬ್ಬರಿನ ಸಿಪ್ಪೆಯಂತೆ ಇಡಿಯಾಗಿ ಕಿತ್ತುಬಂತು. ಅದನ್ನು ಹಾಳೆಯ ಮೇಲೆ ಬೋರಲು ಹಾಕಿದಳು.

ಹುಡುಗಿ ಕೈ ಒರೆಸುವ ಬಟ್ಟೆ ತರಲು ಕ್ಲಿನಿಕ್ಕಿನೊಳಗೆ ಹೋದಳು.

"ಇಲ್ಲೇ ಕೊಯ್ಬೇಕು ಅಂತ ನಿಮಗೆ ಹೇಗೆ ಗೊತ್ತಾಯ್ತು?"

ಅವನ ಎಡಗೆನ್ನೆ ಮಾತ್ರ ನಕ್ಕಿತು. "ಅವತ್ತು ಮುಚ್ಚೋ ಮುಂಚೆ ನೋಡಿದ್ದೆ."

"ನೋಡಿ ಮುಚ್ಚಿಬಿಟ್ರಾ?"

"ಅವತ್ತು ಅದರಿಂದ ಯಾರಿಗೂ ತೊಂದ್ರೆ ಇರ್ಲಿಲ್ಲ."

"ಆಮೇಲೂ ಭಾನುವಾರ ಭಾನುವಾರ ಕರೆದ್ರಲ್ಲ?"

"ಕೆಲಸ ಇತ್ತಲ್ಲ." ದೊಡ್ಡ ಉಪಕಾರ ಮಾಡುವವನ ದನಿಯಲ್ಲಿ ಹೇಳಿದ, "ಬೇರೆಯವರು ಕೆರೆಯೋಕೆ ಬಂದ್ರೆ ಓದ್ತಾರೆ. ನಿನಗೇ ನಾಚಿಕೆ ಅಲ್ವಾ? ಅದಕ್ಕೇ ನಿನ್ನನ್ನೇ ಕರೆದೆ."

"ನನಗೆ ನಿಮ್ಮ ಮೇಲೆ ಮನಸ್ಸಿತ್ತು ಡಾಕ್ಟ್ರೇ," ಎಂದಳು ಅವಳು. ಈ ಮಾತು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. "ಬರೆದದ್ದಕ್ಕೆ ನಾಚಿಕೆ ಇಲ್ಲ. ಸೋರೋ ಹಾಗೆ ಬರೆದೆನಲ್ಲ, ಅದಕ್ಕೆ ನಾಚಿಕೆ."

ಹುಡುಗಿ ಬಟ್ಟೆ ತಂದುಕೊಟ್ಟಳು. ಅವಳು ಅದನ್ನು ಹೆಗಲ ಮೇಲೆ ಹಾಕಿಕೊಂಡು ನಲ್ಲಿಗೆ ಹೋಗಿ ಕೈ ತೊಳೆದು ಬಂದಳು. ಹಾಳೆಯ ಮೇಲೆ ಪುಡಿ ಇತ್ತು. ಇಡಿಯಾಗಿ ಬಂದಿದ್ದ ತುಂಡು ಇರಲಿಲ್ಲ. ಡಾಕ್ಟರು ರೆಕ್ಕೆ ಒರೆಸುತ್ತಿದ್ದ. ಹುಡುಗಿ ನೆಲ ಗುಡಿಸುತ್ತಿದ್ದಳು. ಅವಳು ಕೇಳಲಿಲ್ಲ.

ಹೊಸ ಅಂಟು ಕಲಸಿದಳು. ಗಟ್ಟಿಯಾಗಲು ಎರಡು ಗಂಟೆ ಇತ್ತು. ಮೆತ್ತಿ, ಮತ್ತೆ ಮತ್ತೆ ಸವರಿ, ಕನ್ನಡಿ ಕೇಳಿ ಇಸಿದುಕೊಂಡು ತಾನೇ ನೋಡಿ, ಇನ್ನೊಮ್ಮೆ ಸವರಿದಳು. ಕೊಯ್ದ ತೂತಿಗೂ ತಗಡಿನ ಮುಚ್ಚಳ ಬಿಗಿದು ಅಂಟು ಹಾಕಿದಳು. ಒಣಗಿದ ಮೇಲೆ ಬಂದು ಬಲೂನು ಕಟ್ಟಿದಳು. ಮರುದಿನ ಬೆಳಿಗ್ಗೆಗೂ ಅದು ಹಾಗೇ ದುಂಡಗಿತ್ತು. ಸಾಲದೆಂದು ಬಿಚ್ಚಿ, ಎರಡನೇ ಸಲವೂ ಕಟ್ಟಿ ನೋಡಿದಳು.

ಹುಡುಗಿ ಮೆಲ್ಲಗೆ ಬಂದು ಅವಳ ತೋಳು ಹಿಡಿದಳು. "ಅಕ್ಕ, ಅವರು ಏನು ಕೇಳಿದ್ರೂ ನಗ್ತಾರೆ. ನೀವು ಹೇಳಿ. ನಾನು ಕೂತ್ಕೋಬಹುದಾ?"

ಆ ಕಣ್ಣುಗಳಲ್ಲಿ ಕೇಳಿದ್ದಕ್ಕಿಂತ ಹೆಚ್ಚಿನದೇನಾದರೂ ಇದೆಯೇ ಎಂದು ಅವಳು ಒಂದು ಕ್ಷಣ ಹುಡುಕಿದಳು.

"ಟ್ಯಾಂಕಿನ ಮಾತು ಹೇಳ್ತೀನಿ ತಂಗಿ. ಒಂದು ಹನಿ ಸೋರಲ್ಲ. ಮಿಕ್ಕಿದ್ದಕ್ಕೆ ನಾನು ಹೊಣೆಯಲ್ಲ."

ಭಾನುವಾರ ಅಂಗಡಿ ತೆರೆದೇ ಇತ್ತು. ತಲೆಯ ಮೇಲೆ ಸದ್ದು ಬಂದಾಗ ಅವಳು ಒಂದು ರೇಡಿಯೇಟರನ್ನು ನೀರಲ್ಲಿ ಮುಳುಗಿಸಿ ಗುಳ್ಳೆ ಕಾಯುತ್ತಿದ್ದಳು. ಕತ್ತೆತ್ತಲಿಲ್ಲ. ಎಂಜಿನ್ನಿನ ಸದ್ದನ್ನು ಮಾತ್ರ ಕೊನೆಯವರೆಗೆ, ಅದು ನೆಲಕ್ಕಿಳಿದು ನಿಲ್ಲುವವರೆಗೆ, ಉಸಿರು ಹಿಡಿದು ಕೇಳಿದಳು. ಒಮ್ಮೆಯೂ ತಡವರಿಸಲಿಲ್ಲ.

ಆ ವಿಮಾನದ ಎರಡನೇ ಸೀಟಿನಲ್ಲಿ ಅವತ್ತು ಯಾರಾದರೂ ಕೂತಿದ್ದರೋ, ದಿಂಬು ಮಾತ್ರ ಇತ್ತೋ, ನೋಡದ ಅವಳು ಹೇಳಲಾರಳು. "ಬರ್ತೀನಿ" ಎಂದಿದ್ದ ಆ ತುಂಡು ಡಾಕ್ಟರ ಜೇಬು ಸೇರಿತೋ, ಹುಡುಗಿಯ ಮುಷ್ಟಿ ಸೇರಿತೋ, ಪೊರಕೆಗೆ ಸಿಕ್ಕಿ ಕಸವಾಯಿತೋ, ನನಗೂ ತಿಳಿಯದು.