ಸೊನ್ನೆಯಿಂದ ಶುರುವಾದ ಎಣಿಕೆ

ನನ್ನ ಕೆನ್ನೆ ಗೋಡೆಗೆ ಒತ್ತಿತ್ತು. ಬಲಗೈ ಬೆನ್ನ ಹಿಂದೆ ತಿರುಚಿಕೊಂಡಿತ್ತು. ಇನ್ನೊಂದು ಅಂಗುಲ ಮೇಲೆತ್ತಿದರೆ ಭುಜ ಕಳಚಿ ಬರುತ್ತಿತ್ತು!

"ಅರವತ್ತೆಂಟಾಯ್ತಲ್ಲ ತಾತ," ಎಂದ ಹಾಲಿಸ್, ನನ್ನ ಕಿವಿಯ ಹತ್ತಿರ. ಈ ಕ್ಯಾಸಿನೋದ ಆಟದ ಮೇಜುಗಳೆಲ್ಲ ಅವನ ಉಸ್ತುವಾರಿ. "ಮನೇಲಿ ಕೂತು ಬೈಬಲ್ ಓದ್ಬಾರ್ದಾ?"

"ಓದಿದೀನಿ. ನಿನ್ನಂಥೋರ ವಿಷ್ಯ ಅದ್ರಲ್ಲಿ ಬೇಕಾದಷ್ಟಿದೆ."

ಭುಜ ಚುರುಕ್ಕೆಂದಿತು...

ನಾನು ವರ್ನನ್. ರೀನೋದ ಕ್ಯಾಸಿನೋಗಳಲ್ಲಿ ಇಪ್ಪತ್ತಾರು ವರ್ಷ ಕ್ಯಾಮೆರಾಗಳ ಹಿಂದೆ ಕೂತವನು. ಬ್ಲ್ಯಾಕ್‌ಜಾಕ್ ಎಂಬ ಇಸ್ಪೀಟಿನ ಮೇಜಿನಲ್ಲಿ ಎಲೆ ಎಣಿಸಿ ಗೆಲ್ಲುವವರನ್ನು ಹಿಡಿದು ಹೊರಗಟ್ಟಿಸುವುದೇ ನನ್ನ ಕೆಲಸವಾಗಿತ್ತು. ಆ ಮಧ್ಯಾಹ್ನವೂ ಅದಕ್ಕೇ ಬಂದಿದ್ದೆ.

ನನ್ನ ತಮ್ಮನ ಹೆಂಡತಿಯನ್ನು ಹೊರಗೆ ಹಾಕಿಸಲು!

ತಮ್ಮ ಎಮೆಟ್‌ನನ್ನು ಮಣ್ಣು ಮಾಡಿ ಒಂಬತ್ತು ವಾರವಾಗಿತ್ತು. ಅವನ ವಿಮೆಯ ನಲವತ್ತು ಸಾವಿರ ಡಾಲರ್ ಅವನ ಹೆಂಡತಿ ಲೋರ್ನಾಳ ಕೈಗೆ ಬಂದಿತ್ತು. ಮನೆ ಉಳಿಸಿಕೊಳ್ಳಲು ಇದ್ದದ್ದು ಅಷ್ಟೇ. ಅದರ ವಾಸನೆ ಹಿಡಿದು ಪ್ರೂಯಿಟ್ ಎಂಬ ಗುರು ಬಂದ. ಎಲೆ ಎಣಿಸುವುದನ್ನು ಕಲಿಸಿದ. ಇಲ್ಲಿನ ಸ್ಪ್ಯಾನಿಷ್ ಬ್ಲ್ಯಾಕ್‌ಜಾಕ್ ಮೇಜಿಗೆ ತಂದು ಕೂರಿಸಿದ. ಅರ್ಧ ದುಡ್ಡು ಆಗಲೇ ಹೋಗಿತ್ತು.

"ಅವಳು ಎಲೆ ಎಣಿಸ್ತಿದಾಳೆ, ಹಾಲಿಸ್. ಹೊರಗೆ ಹಾಕು!"

ಅವನು ನಕ್ಕ.

"ಗೊತ್ತು ತಾತ. ತುಟಿ ಅಲ್ಲಾಡೋದು ಕ್ಯಾಮೆರಾದಲ್ಲೇ ಕಾಣುತ್ತೆ. ಎಷ್ಟು ಚೆಂದ ತಪ್ಪೆಣಿಸ್ತಾಳೆ ಅಂದ್ರೆ... ಊಟ, ಕಾಫಿ ಎಲ್ಲಾ ನಮ್ಮದೇ ಲೆಕ್ಕ!"

"ಪ್ರೂಯಿಟ್‌ಗೆ?"

"ತಲೆಗಿಷ್ಟು ಅಂತ ಕೊಡ್ತೀವಿ. ಅವನೂ ಬದುಕ್ಬೇಕಲ್ಲ?"

ವಿಧವೆಯರನ್ನು ತಲೆಯೆಣಿಕೆಯಲ್ಲಿ ಮಾರುವ ಸಂತೆ! ದೇವರು ಇದನ್ನೂ ನೋಡುತ್ತಿದ್ದಾನಲ್ಲ...

ಕೇಳಿ. ಸಾಮಾನ್ಯ ಆಟದಲ್ಲಿ ಸಣ್ಣ ಎಲೆ ಬಂದರೆ ಒಂದು ಕೂಡಬೇಕು. ಹತ್ತು, ಗುಲಾಮ, ರಾಣಿ, ರಾಜ, ಎಕ್ಕ ಬಂದರೆ ಒಂದು ಕಳೆಯಬೇಕು. ಎಣಿಕೆ ಏರಿದರೆ ಉಳಿದ ಎಲೆಗಳು ಆಟಗಾರನಿಗೆ ಒಳ್ಳೆಯವು. ಆಗ ದೊಡ್ಡದಾಗಿ ಕಟ್ಟಬೇಕು.

ಆದರೆ ಸ್ಪ್ಯಾನಿಷ್ ಆಟದಲ್ಲಿ ಪ್ರತಿ ಕಟ್ಟಿನಿಂದಲೂ ನಾಲ್ಕು ಹತ್ತುಗಳನ್ನು ಮೊದಲೇ ತೆಗೆದುಬಿಟ್ಟಿರುತ್ತಾರೆ. ಈ ಮೇಜಿನ ಆರು ಕಟ್ಟಿಗೆ ಇಪ್ಪತ್ತನಾಲ್ಕು. ಅವು ಆಗಲೇ ಬಂದುಹೋದ ಲೆಕ್ಕ, ಹಾಗಾಗಿ ಎಣಿಕೆಯನ್ನು ಸೊನ್ನೆಗಿಂತ ಇಪ್ಪತ್ತನಾಲ್ಕು ಕೆಳಗಿನಿಂದ ಶುರುಮಾಡಬೇಕು. ಗುರು ಸೊನ್ನೆಯಿಂದ ಕಲಿಸಿದ್ದ. ಬೇಕೆಂದೇ!

ಹಿಮ್ಮಡಿಯಿಂದ ಹಾಲಿಸ್‌ನ ಕಾಲ್ಬೆರಳು ತುಳಿದೆ. ಬಲವಾಗಿ ತುಳಿದೆ. ಅವನ ಹಿಡಿತ ಸಡಿಲಿತು.

ಓಡಿದೆ!

"ಹಿಡೀರೋ ಆ ಮುದುಕನ್ನ!"

ಇಬ್ಬರು ಕಾವಲಿನವರು ಬೆನ್ನು ಹತ್ತಿದರು. ಜೂಜಿನ ಯಂತ್ರಗಳ ನಡುವೆ ನುಗ್ಗಿದೆ. ಯಾರದೋ ಬಿಯರ್ ಉರುಳಿತು. ಮಂಡಿ ಬೇಡವೆಂದಿತು. ಕೇಳಲಿಲ್ಲ.

ಲೋರ್ನಾ ಐದು ಸಾವಿರ ಡಾಲರಿನ ಪಣದ ಬಿಲ್ಲೆಗಳನ್ನು ಮುಂದಕ್ಕೆ ತಳ್ಳುತ್ತಿದ್ದಳು.

"ಕೈ ತೆಗಿ, ಲೋರ್ನಾ!"

"ವರ್ನನ್! ಮಾನ ಕಳೀಬೇಡಿ. ಎಣಿಕೆ ಹದಿನೈದಿದೆ... ಇದೇ ಸಮಯ!"

"ಹತ್ತರ ಎಲೆ ಇಲ್ಲಿ ಒಂದಾದ್ರೂ ನೋಡಿದ್ಯಾ?"

ಅವಳ ತುಟಿ ನಿಂತಿತು.

"ಆರು ಕಟ್ಟಿಂದ ಎಲ್ಲಾ ತೆಗೆದಿದಾರೆ. ಇಪ್ಪತ್ನಾಲ್ಕು ಕಳಿ!"

ಕಾವಲಿನವನೊಬ್ಬ ನನ್ನ ಕಾಲರ್ ಹಿಡಿದ. ಅಷ್ಟರಲ್ಲಿ ಅವಳು ಕಳೆದಾಗಿತ್ತು: ಸೊನ್ನೆಗಿಂತ ಒಂಬತ್ತು ಕೆಳಗೆ. ಎಮೆಟ್‌ನ ಗ್ಯಾರೇಜಿನ ಲೆಕ್ಕ ಬರೆಯುತ್ತಿದ್ದವಳಲ್ಲವೇ! ಎಲೆ ಹಂಚುವ ಮೊದಲೇ ಬಿಲ್ಲೆಗಳನ್ನೆಲ್ಲ ಹಿಂದಕ್ಕೆ ಎಳೆದುಕೊಂಡಳು. ಹತ್ತು ಡಾಲರಿನದೊಂದನ್ನು ಮಾತ್ರ ಇಟ್ಟಳು.

ಕುಂಟುತ್ತಾ ಬಂದ ಹಾಲಿಸ್ ಆ ಒಂಟಿ ಬಿಲ್ಲೆಯನ್ನು ನೋಡಿದ. ನಗು ಮಾಯವಾಯಿತು.

"ಮೇಡಂ, ಇನ್ಮೇಲೆ ನಮ್ಮಲ್ಲಿ ನಿಮಗೆ ಆಟ ಇಲ್ಲ. ಎದ್ದೇಳಿ."

ಐದು ನಿಮಿಷದಲ್ಲಿ ಇಬ್ಬರೂ ಬಿಸಿಲಿನಲ್ಲಿದ್ದೆವು. ಅವಳ ಚೀಲದಲ್ಲಿ ಹತ್ತೊಂಬತ್ತು ಸಾವಿರವಿತ್ತು. ನನ್ನ ಕಾಲರ್ ಹರಿದಿತ್ತು.

"ಐದು ವಾರ ರಾಣಿ ಥರ ನೋಡ್ಕೊಂಡ್ರು," ಅವಳು ಬಿಕ್ಕಿದಳು. "ಇವತ್ತು ನಾನೇನು ತಪ್ಪು ಮಾಡ್ದೆ, ವರ್ನನ್?"

"ತಪ್ಪು ಮಾಡೋದನ್ನ ನಿಲ್ಲಿಸ್ದೆ."