ಎರಡು ಗಂಟೆ ಹನ್ನೊಂದು ನಿಮಿಷ

"ಎರಡು ಗಂಟೆ ಹನ್ನೊಂದು ನಿಮಿಷ. ಆಗಲ್ಲ." ಅವಳು ರಕ್ತದ ಟ್ಯೂಬನ್ನು ಲ್ಯಾಬಿನ ಕಿಟಕಿಯಿಂದ ಹೊರಗೆ ಸರಿಸಿದಳು.

ಹೊರಗೆ ನಿಂತಿದ್ದ ಹೊಸ ನರ್ಸ್ ಅದನ್ನು ಮತ್ತೆ ಒಳಗೆ ಸರಿಸಿದ. "ಹನ್ನೊಂದು ನಿಮಿಷಕ್ಕೆ ಆಕಾಶ ಕಳಚಿ ಬೀಳುತ್ತಾ ಮೇಡಂ?"

"ರಕ್ತ ತೆಗೆದು ಎರಡು ಗಂಟೆ ದಾಟಿದ್ರೆ ರಕ್ತಕಣ ಒಡೆಯೋಕೆ ಶುರುವಾಗುತ್ತೆ. ನನಗೆ ಬೇಕಾಗಿರೋದು ಅದರಲ್ಲಿ ಮುಳುಗಿಹೋಗುತ್ತೆ."

"ಆ ಕೈಯಲ್ಲಿ ನರ ಸಿಗೋದೇ ಕಷ್ಟ. ಮೂರು ಸಲ ಚುಚ್ಚಿದೀನಿ."

"ನಾಲ್ಕನೇ ಸಲ ಚುಚ್ಚಿ."

ಅವನು ಅವಳನ್ನು ದಿಟ್ಟಿಸಿದ. ಆ ನೋಟದಲ್ಲಿ ಸಿಟ್ಟಿಗಿಂತ ನೋವೇ ಹೆಚ್ಚಿದ್ದಂತೆ ಕಂಡು ಅವಳಿಗೆ ಆಶ್ಚರ್ಯವಾಯಿತು. ನಲವತ್ತು ನಿಮಿಷದಲ್ಲಿ ಹೊಸ ಟ್ಯೂಬ್ ಬಂತು, ಇನ್ನೂ ಬೆಚ್ಚಗಿತ್ತು. ಮೇಲೆ ಬರೆದಿದ್ದ ಸಂಖ್ಯೆ ಇಪ್ಪತ್ತೇಳು.

ಶ್ವಾಸಕೋಶದ ಗೆಡ್ಡೆ ತನ್ನ ಡಿಎನ್‌ಎಯ ಚೂರುಗಳನ್ನು ರಕ್ತದಲ್ಲಿ ಉದುರಿಸುತ್ತಿರುತ್ತದೆ. ದೇಹದ ಕಾವಲು ಕಣಗಳನ್ನು ಎಬ್ಬಿಸುವ ಇಮ್ಯುನೋಥೆರಪಿ ಶುರುವಾಗುವ ಮುನ್ನ ಒಮ್ಮೆ, ಮೂರನೇ ವಾರ ಇನ್ನೊಮ್ಮೆ ಆ ಚೂರುಗಳನ್ನು ಎಣಿಸಿ, ಔಷಧಿ ಯಾರಿಗೆ ಹಿಡಿಯುತ್ತದೆ, ಯಾರಿಗಿಲ್ಲ ಎಂದು ಸ್ಕ್ಯಾನ್‌ಗಿಂತ ಮೊದಲೇ ಬರೆದು ಲಕೋಟೆಯಲ್ಲಿ ಮುಚ್ಚಿಡುವುದು ಈ ಅಧ್ಯಯನದಲ್ಲಿ ಅವಳ ಕೆಲಸ. ರೋಗಿಗಳು ನಲವತ್ತು ಮಂದಿ. ಅವಳಿಗೆ ಸಂಖ್ಯೆಗಳಷ್ಟೇ ಗೊತ್ತು, ಅವನಿಗೆ ಸಂಖ್ಯೆಯ ಹಿಂದಿನ ಮುಖಗಳೂ. ರೋಗಿಗಳ ವಿಷಯ ಇಬ್ಬರೂ ಮಾತಾಡುವಂತಿಲ್ಲ.

ಹಾಗಾಗಿ ಉಳಿದದ್ದನ್ನೆಲ್ಲ ಮಾತಾಡಿದರು. ಅವನೀಗ ಲಿಫ್ಟಿಗೆ ಕಾಯದೆ ನಾಲ್ಕು ಮಹಡಿ ಓಡಿಯೇ ಬರುತ್ತಿದ್ದ.

"ಹನ್ನೆರಡು ನಿಮಿಷ, ಗಡಿಯಾರ ಮೇಡಂ! ದಾಖಲೆ!"

"ಮೊದಲು ಉಸಿರಾಡಿ, ಓಟಗಾರರೇ."

ಟ್ಯೂಬುಗಳು ಯಂತ್ರದಲ್ಲಿ ಹತ್ತು ನಿಮಿಷ ತಿರುಗಬೇಕು. ಆ ಹತ್ತು ನಿಮಿಷ ಅವನು ಹೋಗುತ್ತಿರಲಿಲ್ಲ. ಮಾತು ಮುಗಿದರೂ ನಿಂತಿರುತ್ತಿದ್ದ. ಯಂತ್ರದ ಗಾಜಿನ ಮುಚ್ಚಳದಲ್ಲಿ ಅವನ ಕಣ್ಣು ತನ್ನ ಮೇಲಿರುವುದನ್ನು ಅವಳು ಕಂಡಿದ್ದಳು. ಕಂಡೂ ಕಾಣದ ಹಾಗೆ ಇದ್ದಳು. ಯಂತ್ರ ನಿಂತಾಗ ಮಾತ್ರ, ಇಷ್ಟು ಬೇಗವೇ, ಅನ್ನಿಸುತ್ತಿತ್ತು.

ಒಂಬತ್ತನೇ ವಾರದ ಒಂದು ಬೆಳಗ್ಗೆ ಅವನು ಓಡದೆ ಬಂದ. ಮುಖ ಕಳೆಗುಂದಿತ್ತು. ಅಷ್ಟರಲ್ಲೇ ಫೋನ್ ಹೊಡೆದುಕೊಂಡಿತು. ಸ್ಪೀಕರಿನಲ್ಲಿ ಹಿರಿಯ ಡಾಕ್ಟರಮ್ಮನ ದನಿ.

"ಇಪ್ಪತ್ತೇಳರ ಸ್ಕ್ಯಾನಲ್ಲಿ ಗೆಡ್ಡೆ ದೊಡ್ಡದಾಗಿದೆ. ಔಷಧಿ ನಿಲ್ಲಿಸೋಣ ಅಂತಿದ್ವಿ. ಸಮಿತಿ ಒಪ್ಪಿಗೆ ತಗೊಂಡು ನಿನ್ನ ಲಕೋಟೆ ಒಡೆದೆ. ನೀನು ನೋಡಿದ್ರೆ ಔಷಧಿ ಹಿಡೀತಿದೆ ಅಂತ ಬರೆದಿದೀಯ. ಈಗಲೂ ಅದೇ ಮಾತಾ?"

ಅವಳು ಇಪ್ಪತ್ತೇಳರ ಎಣಿಕೆಯ ಪುಟ ತೆರೆದಳು. ತಪ್ಪಿದರೆ ಒಂದು ಜೀವ ಕೆಲಸಕ್ಕೆ ಬಾರದ ಔಷಧಿಯಲ್ಲಿ ವಾರಗಳನ್ನು ಕಳೆದುಕೊಳ್ಳುತ್ತದೆ. ಸರಿಯಿದ್ದೂ ಸುಮ್ಮನಿದ್ದರೆ, ಬದುಕಿಸುವ ಔಷಧಿಯೇ ನಿಲ್ಲುತ್ತದೆ. ವಾಪಸ್ ಕಳಿಸಿದ್ದ ಆ ಟ್ಯೂಬ್ ನೆನಪಾಯಿತು. ಅಂದು ದಾಕ್ಷಿಣ್ಯಕ್ಕೆ ತೆಗೆದುಕೊಂಡಿದ್ದರೆ ಇಂದು ಮೊದಲ ಎಣಿಕೆಯನ್ನು ನಂಬುವಂತಿರಲಿಲ್ಲ.

"ಅದೇ ಮಾತು ಮೇಡಂ. ಮೂರನೇ ವಾರಕ್ಕೆ ಚೂರುಗಳು ಹತ್ತರಲ್ಲಿ ಒಂದು ಪಾಲಿಗೆ ಇಳಿದಿವೆ. ಗೆಡ್ಡೆ ಬೆಳೆದಿಲ್ಲ. ದೇಹದ ಕಾವಲು ಕಣಗಳು ಮುತ್ತಿಗೆ ಹಾಕಿ ಊದಿದೆ ಅನ್ಸುತ್ತೆ. ರೋಗಿ ಸುಸ್ತಾಗಿಲ್ಲ ಅಂದ್ರೆ ಇನ್ನೂ ಆರು ವಾರ ಕೊಡಿ."

"ಗಟ್ಟಿಯಾಗಿದ್ದಾರೆ. ಸರಿ, ಕೊಡೋಣ."

ಅವಳು ತಿರುಗಿದಾಗ ಅವನು ಫೋನನ್ನೇ ನೋಡುತ್ತಾ ಟ್ಯೂಬುಗಳನ್ನು ಹಿಡಿದು ನಿಂತಿದ್ದ. ಅವುಗಳನ್ನು ಇಟ್ಟು, ಯಂತ್ರ ತಿರುಗುವ ಮುನ್ನವೇ ಹೊರಟುಹೋದ.

ಆಮೇಲಿನ ಆರು ವಾರ ಅವನು ಬಂದರೂ ನಿಲ್ಲಲಿಲ್ಲ. ಹತ್ತು ನಿಮಿಷ ಯಂತ್ರವೊಂದೇ ತಿರುಗಿತು. ನನ್ನಿಂದೇನಾಯಿತು ಎಂದು ಅವಳು ಕೇಳಲಿಲ್ಲ. ಗಾಜಿನ ಮುಚ್ಚಳದಲ್ಲಿ ಮಾತ್ರ ಹುಡುಕುತ್ತಿದ್ದಳು.

ಹದಿನೈದನೇ ವಾರ ಡಾಕ್ಟರಮ್ಮ ಫೋನಿನಲ್ಲೇ ಕೂಗಿದರು. "ಅರ್ಧಕ್ಕರ್ಧ ಕರಗಿದೆ ಕಣೇ! ಫಲಿತಾಂಶಕ್ಕೆ ಕಾಯ್ತಿದ್ದದ್ದು ಇಪ್ಪತ್ತೇಳೊಂದೇ. ಎಲ್ಲಾ ಲಕೋಟೆನೂ ಒಡೆದ್ವಿ. ನಲವತ್ತರಲ್ಲಿ ಮೂವತ್ತಾರು ಸರಿ!"

ಲ್ಯಾಬಿನವರೆಲ್ಲ ಮೇಜು ಬಡಿದು ಕೇಕೆ ಹಾಕುತ್ತಿದ್ದಾಗ ಲಿಫ್ಟಿನ ಬಾಗಿಲು ತೆರೆಯಿತು. ಅವನ ತೋಳು ಹಿಡಿದು ವಯಸ್ಸಾದ ಹೆಂಗಸೊಬ್ಬರು ಬಂದರು.

"ಇಪ್ಪತ್ತೇಳು," ಅಂದ ಅವನು. "ನನ್ನ ದೊಡ್ಡಮ್ಮ. ಬಟ್ಟೆ ಹೊಲಿದು ನನ್ನ ಸಾಕಿದವಳು."

"ನಾಲ್ಕನೇ ಸಲ ಚುಚ್ಚಿಸಿದ ಪುಣ್ಯಾತ್ಗಿತ್ತಿ ಇವಳೇನಾ?" ದೊಡ್ಡಮ್ಮ ಅವಳ ಗಲ್ಲ ಹಿಡಿದರು. "ಅವತ್ತು ಬೈದಿದ್ದೆ ತಾಯಿ. ವಾಪಸ್ ತಗೋತೀನಿ."

ಅವಳ ಕಣ್ಣು ತುಂಬಿತು. "ನನಗ್ಯಾಕೆ ಹೇಳಲಿಲ್ಲ?"

"ಹೇಳಿದ್ರೆ ನಿಮ್ಮ ಉತ್ತರ ನಂಬೋಕಾಗ್ತಿರಲಿಲ್ಲ. ನನಗೋಸ್ಕರ ಹಾಗಂದ್ರೇನೋ ಅನ್ಸ್ತಿತ್ತು. ಆ ಫೋನ್ ಆದ್ಮೇಲೆ ಇಲ್ಲಿ ನಿಂತ್ರೆ ಎಲ್ಲಾ ಬಾಯಿಬಿಡ್ತೀನಿ ಅಂತ ಭಯ."

"ನಿಮಗೋಸ್ಕರ ಅಂದ್ರೆ?"

ಅವನ ಕಿವಿ ಕೆಂಪಾಯಿತು. "ಅಂದ್ರೆ... ಆ ಹತ್ತು ನಿಮಿಷ ನನಗೆ ಸಾಲಲ್ಲ. ಮೊದಲಿಂದಲೂ."

"ಪೂರ್ತಿ ಹೇಳೋ ಬೇಗ," ದೊಡ್ಡಮ್ಮ ತಿವಿದರು. "ತಡವಾದ್ರೆ ಇವಳು ವಾಪಸ್ ಕಳಿಸ್ತಾಳಂತೆ!"

"ನಿಮ್ಮನ್ನ ಪ್ರೀತಿಸ್ತೀನಿ."

ಅವಳು ಅಭ್ಯಾಸಬಲದಿಂದ ಗೋಡೆಯ ಗಡಿಯಾರ ನೋಡಿದಳು. ಆಮೇಲೆ ಅವನ ಕೈ ಹಿಡಿದಳು.

"ಹದಿನೈದು ವಾರ ತಡ. ಆದ್ರೂ ತಗೋತೀನಿ."